ಮಧ್ಯಾಹ್ನದ ಮಕ್ಕಳ ಅಂಕಗಳು

ಮಾರ್ಚ್ 3, ಸೋಮವಾರ

ಮತ್ತೆ ಅದೇ ಉತ್ತರ. ಮೂರನೇ ಸಲ ಲೆಕ್ಕ ಹಾಕಿದೆ. ಮನೆಭೇಟಿ ಸಿಕ್ಕ ಮಕ್ಕಳಿಗೂ ಸಿಗದ ಮಕ್ಕಳಿಗೂ ಪರೀಕ್ಷೆಯ ಅಂಕಗಳಲ್ಲಿ ವ್ಯತ್ಯಾಸವೇ ಇಲ್ಲ. ಎರಡು ವರ್ಷ ನಲವತ್ತು ಅಕ್ಕಂದಿರು ವಾರವಾರ ಮನೆಮನೆಗೆ ಹೋಗಿ, ಕೂಸುಗಳ ಜೊತೆ ಮಾತಾಡುವುದು, ಆಡುವುದು ಹೇಗೆಂದು ತಾಯಂದಿರಿಗೆ ತೋರಿಸಿಕೊಟ್ಟಿದ್ದಾರೆ. ಫಲ ಸೊನ್ನೆ.

ಕೇಂದ್ರದ ಮುಖ್ಯಸ್ಥೆ ಮೇಡಂ ವರದಿಗೆ ಸಹಿ ಹಾಕಿ ಮಹಿಳಾ ಮತ್ತು ಮಕ್ಕಳ ಇಲಾಖೆಗೆ ಕಳಿಸಿದರು. ನಮ್ಮ ಸಂಶೋಧನಾ ಕೇಂದ್ರಕ್ಕೂ ಇಲಾಖೆಗೂ ಒಪ್ಪಂದವೇ ಹಾಗೆ — ಅಳೆಯುವುದು ನಾವು, ನಿರ್ಧರಿಸುವುದು ಅವರು. ಸಂಜೆಯೊಳಗೆ ಇಲಾಖೆಯ ಜಂಟಿ ನಿರ್ದೇಶಕರ ಫೋನ್. ಮುಂದಿನ ತಿಂಗಳಿಂದ ಮನೆಭೇಟಿ ಬಂದ್. ಆ ಹೆಂಗಸರಿಗೆ ನೀವೇ ತಿಳಿಸಿ ಎಂದರಂತೆ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ದೊಣ್ಣೆ ಹಿಡಿದವಳು ನಾನು.

ಮಾರ್ಚ್ 6, ಗುರುವಾರ

ಹೇಳಲು ಹೋದೆ. ಕೈಚೀಲದಕ್ಕ — ನಲವತ್ತು ಜನರಲ್ಲಿ ಹಿರಿಯರು; ಬಟ್ಟೆಗೊಂಬೆ, ಡಬ್ಬದ ಮುಚ್ಚಳ, ದಾರದ ಖಾಲಿ ರೀಲು ತುಂಬಿದ ಚೀಲ ಬಿಟ್ಟು ಅವರನ್ನು ಕಂಡವರಿಲ್ಲ — ಒಂದು ಮನೆಯ ಅಡುಗೆಕೋಣೆಯಲ್ಲಿ ನೆಲದ ಮೇಲೆ ಕೂತಿದ್ದರು. ಕೂಸು ಮುಚ್ಚಳ ಬಡಿಯುತ್ತಿತ್ತು. ಅಕ್ಕ ಸುಮ್ಮನೆ ಕಾಯುತ್ತಿದ್ದರು. ಅದರ ತಾಯಿಗೂ ಕಣ್ಣಲ್ಲೇ ಹೇಳಿದರು, ತಾಳು ಎಂದು. ಕೊನೆಗೆ ಕೂಸು ತಿರುಗಿ "ಡಬ್ಬ" ಎಂದಿತು. ತಾಯಿ "ಹೌದು, ಡಬ್ಬ... ದೊಡ್ಡ ಡಬ್ಬ" ಎಂದಳು. ಅಷ್ಟೇ. ಎಷ್ಟು ಸೆಮಿನಾರ್ ಕೇಳಿದ್ದೇನೋ, ಹೀಗೆ ಕಾಯಬಲ್ಲವರನ್ನು ಕಂಡಿರಲಿಲ್ಲ.

ಹೊರಗೆ ಬಂದಮೇಲೆ ವಿಷಯ ಹೇಳಿದೆ. ಅಳಲಿಲ್ಲ, ಬೈಯಲಿಲ್ಲ. ಒಂದೇ ಪ್ರಶ್ನೆ.

"ನಮ್ಮ ಕಡೆ ಮಕ್ಕಳನ್ನ ಎಷ್ಟು ಗಂಟೆಗೆ ಪರೀಕ್ಷೆ ಮಾಡಿದ್ರಮ್ಮ?"

"ಎರಡರಿಂದ ನಾಲ್ಕು."

"ಅದು ಅವು ಮಲಗೋ ಹೊತ್ತು. ನಿದ್ದೆಗಣ್ಣಲ್ಲಿ ಯಾವ ಕೂಸು ಬ್ಲಾಕ್ ಜೋಡಿಸುತ್ತೆ? ನನ್ನ ಮೊಮ್ಮಗ ಆಗಿದ್ರೆ ಎತ್ತಿ ನಿಮ್ಮ ಮೇಲೇ ಎಸೀತಿದ್ದ."

ವೇಳಾಪಟ್ಟಿ ನನ್ನದೇ. ಜೀಪಿನ ಓಡಾಟ ಕಡಿಮೆಯಾಗಲಿ ಎಂದು ಹತ್ತಿರದ ಬಡಾವಣೆಗಳನ್ನು ಬೆಳಿಗ್ಗೆಗೆ, ದೂರದವನ್ನು ಊಟದ ನಂತರಕ್ಕೆ ಇಟ್ಟಿದ್ದೆ. ಮನೆಭೇಟಿ ನಡೆದದ್ದೆಲ್ಲ ದೂರದಲ್ಲಿ; ಹೋಲಿಕೆಯ ಮಕ್ಕಳೆಲ್ಲ ಹತ್ತಿರದವರು. ಆ ಪಟ್ಟಿಯ ಮೇಲೆ ಎಷ್ಟು ಹೆಮ್ಮೆ ನನಗೆ! ಬಣ್ಣ ಬೇರೆ ಹಚ್ಚಿದ್ದೆ.

ಅದೇ ದಿನ, ಸಂಜೆ 7

ಅಮ್ಮನಿಗೆ ಹೇಳಿದೆ.

"ಉಂಡು ಮಲಗಿದ ಮೇಲೆ ಎಬ್ಬಿಸಿದ್ರೆ ನಿಂಗೆ ಈಗ್ಲೂ ನಿನ್ನ ಹೆಸರು ನೆನಪಿರಲ್ಲ. ಅಷ್ಟೂ ಹೊಳೀಲಿಲ್ವಾ?"

ಡಾಕ್ಟರೇಟ್ ಇರುವುದು ನನಗೆ. ಮಾಡಿದ್ದುಣ್ಣೋ ಮಹಾರಾಯ. ನಾಳೆ ಮೇಡಂಗೆ ಹೇಳಬೇಕು. ಕೆಲಸ ಹೋದರೆ ಹೋಗಲಿ... ಹೋಗದಿದ್ದರೆ ಒಳ್ಳೆಯದು.

ಮಾರ್ಚ್ 7, ಶುಕ್ರವಾರ

ಹೇಳಿದೆ. ಮೇಡಂ ಪಟ್ಟಿ ತರಿಸಿಕೊಂಡು ಎರಡು ಸಲ ಓದಿದರು. ಕೆಳಗಿದ್ದ ತಮ್ಮ ಸಹಿಯ ಮೇಲೆ ಬೆರಳಿಟ್ಟರು.

"ನಾನೂ ನೋಡಿದ್ದೆನಲ್ಲ. ಬಣ್ಣ ನೋಡಿದೆ, ಗಂಟೆ ನೋಡ್ಲಿಲ್ಲ."

ಒಂದು ಗಂಟೆಯೊಳಗೆ ಇಬ್ಬರೂ ಜಂಟಿ ನಿರ್ದೇಶಕರ ಮುಂದೆ.

"ಫಲಿತಾಂಶ ಹಿಡಿಸಲಿಲ್ಲ ಅಂತ ಮತ್ತೆ ಅಳೀತೀರಾ ಮೇಡಂ?"

"ಅಳತೆ ತಪ್ಪು ಅಂತ ಸಾರ್. ಎರಡೂ ಕಡೆ ಮಕ್ಕಳನ್ನ ಬೆಳಿಗ್ಗೆನೇ ನೋಡ್ತೀವಿ. ಪರೀಕ್ಷೆ ಮಾಡೋರು ಹೊಸಬರು, ಲೆಕ್ಕ ಹಾಕೋರು ಬೇರೆ ಸಂಸ್ಥೆಯವರು. ಏನೇ ಬರಲಿ, ಅದನ್ನೇ ಅಚ್ಚು ಹಾಕಿಸ್ತೀವಿ. ಮತ್ತೆ ಸೊನ್ನೆ ಬಂದ್ರೂ."

ಅದನ್ನೇ ಬರೆದೂ ಕೊಟ್ಟರು. ತಪ್ಪು ಯಾರದೆಂದು ಜಂಟಿ ನಿರ್ದೇಶಕರು ಕೇಳಿದಾಗ ಮೇಡಂ "ಸಹಿ ನಂದು" ಎಂದರಷ್ಟೇ. ಪಕ್ಕದಲ್ಲೇ ಕೂತಿದ್ದೆ. ಇವರ ಕೈಕೆಳಗೆ ಕೆಲಸ ಮಾಡುವುದು ನನ್ನ ಪುಣ್ಯ.

ಮತ್ತೆ ಅಳೆಯಲು ಮೂರು ವಾರ ಸಿಕ್ಕಿತು; ಫಲಿತಾಂಶ ಬರುವವರೆಗೆ ಮನೆಭೇಟಿ ಬಂದ್ ಇಲ್ಲ. ಹೊರಡುವಾಗ ಜಂಟಿ ನಿರ್ದೇಶಕರೇ, "ಒಂದಿನ ನಾನೂ ಬರ್ತೀನಿ. ಜೀಪಲ್ಲಿ ಜಾಗ ಇಟ್ಟಿರಿ" ಎಂದರು. ಬಂದ ಹಾಗೇ ಇದೆ.

ಮಾರ್ಚ್ 19, ಬುಧವಾರ

ಬರೆಯಲು ಪುರುಸೊತ್ತೇ ಇಲ್ಲ. ಸಾಹೇಬರು ನಿಜವಾಗಿಯೂ ಬಂದರು. ಕೈಚೀಲದಕ್ಕನ ಜೊತೆ ಒಂದು ಮನೆಗೆ ಹೋಗಿ, ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ನೆಲದ ಮೇಲೆ ಕೂತರು. ಕೂತದ್ದೇ ತಡ, ಮಗುವಿಗೆ ಪ್ರಶ್ನೆ — ಇದೇನು, ಅದೇನು, ಇದು ಯಾವ ಬಣ್ಣ...

ಅಕ್ಕ ಮೆಲ್ಲಗೆ, "ಸಾರ್, ಅವನು ಇಂಟರ್‌ವ್ಯೂಗೆ ಬಂದಿಲ್ಲ. ಸ್ವಲ್ಪ ಸುಮ್ನಿರಿ."

ಅವರು ಸುಮ್ಮನಾದರು. ಐದು ನಿಮಿಷವಾಗಿರಬಹುದು. ಮಗು ತಾನಾಗಿ ಬಂದು ಖಾಲಿ ರೀಲನ್ನು ಅವರ ಅಂಗೈಯಲ್ಲಿ ಇಟ್ಟು "ತಗೋ" ಎಂದಿತು.

ಏಪ್ರಿಲ್ 3, ಗುರುವಾರ, ಬೆಳಿಗ್ಗೆ 11.20

ಇಲಾಖೆಯ ಹೊರಗಿನ ಬೆಂಚು. ಮೇಡಂ ಒಳಗಿದ್ದಾರೆ. ಫಲಿತಾಂಶದ ಲಕೋಟೆಯನ್ನು ತಾವೂ ಜಂಟಿ ನಿರ್ದೇಶಕರೂ ಒಟ್ಟಿಗೇ ಒಡೆಯಬೇಕೆಂದು ಅವರ ಹಟ. ಒಳಗಿನ ಸದ್ದು ಕೇಳುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

11.45

ಮೇಡಂ ಬಂದು ಪಕ್ಕದಲ್ಲಿ ಕೂತರು.

"ಮಾತಲ್ಲಿ ಮನೆಭೇಟಿ ಮಕ್ಕಳು ನಾಲ್ಕು ತಿಂಗಳು ಮುಂದಿದಾರೆ. ಬ್ಲಾಕ್ ಜೋಡಿಸೋ ಕೈಕೆಲಸದಲ್ಲಿ ಅಷ್ಟೇನೂ ವ್ಯತ್ಯಾಸ ಇಲ್ಲ. ಎರಡನ್ನೂ ಬರಿ."

ಮನೆಭೇಟಿ ನಿಲ್ಲುವುದಿಲ್ಲ. ಅತ್ತುಬಿಟ್ಟೆ, ನಾಚಿಕೆಯಿಲ್ಲದೆ. ಅಕ್ಕನಿಗೆ ಹೇಳೋಣವೆಂದು ಫೋನ್ ತೆಗೆದರೆ, ಹಿಂದೆಯೇ ಜಂಟಿ ನಿರ್ದೇಶಕರು.

"ಕೊಡಿ, ನಾನೇ ಹೇಳ್ತೀನಿ."

ಕೊಟ್ಟೆ. ರಿಂಗ್ ಆಗುತ್ತಿದೆ. ಬೆಂಚಿನಲ್ಲಿ ಜಾಗವಿದ್ದರೂ ಕೂರಲಿಲ್ಲ. ಅಂಗಿ ಸರಿಮಾಡಿಕೊಂಡು ನೆಟ್ಟಗೆ ನಿಂತಿದ್ದಾರೆ. ಅಕ್ಕ ಎತ್ತಿದರು ಅನಿಸುತ್ತದೆ —

"ನಮಸ್ಕಾರ ಅಕ್ಕ, ನಾನು..."