ತಾರಸಿಯ ಮೇಲೆ ಆಂಟೆನಾ ಹಿಡಿದವಳಿಗೆ

ಅಕ್ಕಾ,

ತೀರಿಕೊಂಡವರಿಗೆ ಅಂಚೆಯಿಲ್ಲ, ಬರೆಯುವವನಿಗೆ ಅಂಜಿಕೆಯಿಲ್ಲ. ಇವತ್ತು ಆಂಟೆನಾ ಸಂಶೋಧನೆಯ ಪಿಎಚ್‌ಡಿ ಸೀಟಿಗೆ ಸಂದರ್ಶನ ಇತ್ತು.

"ಈ ವಯಸ್ಸಲ್ಲಿ ಯಾಕ್ರೀ?" ಎಂದರು ಪ್ರೊಫೆಸರು.

"ಮೊಮ್ಮಕ್ಕಳಾಗೋ ಮುಂಚೆ ಮುಗಿಸೋಣ ಅಂತ."

ನಕ್ಕರು. "ಹಳೇ ಟೀವಿ ಆಂಟೆನಾನ ಕೈಯಲ್ಲಿ ಹಿಡಿದ್ರೆ ಚಿತ್ರ ಬರೋದು, ಬಿಟ್ರೆ ಹೋಗೋದು. ಯಾಕೆ?"

"ಹಿಡಿದವರ ಮೈಯೂ ಆಂಟೆನಾದ ಭಾಗ ಆಗ್ಬಿಡುತ್ತೆ ಸಾರ್."

"ಎಲ್ಲಿ ಓದಿದ್ರಿ?"

"ಓದಿದ್ದಲ್ಲ. ನಮ್ಮಕ್ಕ ಹಿಡೀತಿದ್ಳು."

ನಾವೆಲ್ಲ ಕೆಳಗೆ ಸಿನಿಮಾ ನೋಡುತ್ತಿದ್ದೆವು, ನೀನು ತಾರಸಿಯ ಮೇಲೆ. ನಾನು ಕಿಟಕಿಯಿಂದ ಕೂಗುತ್ತಿದ್ದೆ: "ಬಂತಕ್ಕಾ ಬಂತು, ಇರು ಹಾಗೇ ನಿಂತು!" ಸಿನಿಮಾ ಮುಗಿದ ಮೇಲೆ ನೀನು ಇಳಿದು ಬಂದು, "ಕೊನೆಗೇನಾಯ್ತೋ?" ಎಂದು ಕೇಳುತ್ತಿದ್ದೆ. "ನಾಳೆ ಹೇಳ್ತೀನಿ ಬಿಡೇ" ಎಂದು ನಾನು ಮಲಗಿಬಿಡುತ್ತಿದ್ದೆ.

ಇವತ್ತಿನದನ್ನು ಇವತ್ತೇ ಹೇಳುತ್ತಿದ್ದೇನೆ. ಸೀಟು ಸಿಕ್ಕಿತು, ಅಕ್ಕಾ.