ಸತ್ತ ಮೀನಿನ ಲೆಕ್ಕ

ಆಬರ್ನ್ ಹಿಲ್ಸ್
ಮಾರ್ಚ್ 9, 2025

ಮುದ್ದು ಇಳಾ,

ಅಮ್ಮನ ಆಶೀರ್ವಾದ. ನಿನ್ನ ಕಾಗದದ ಫೋಟೋ ತಲುಪಿತು. ಹಡಗಿನ ಈಮೇಲನ್ನು ಕ್ಯಾಪ್ಟನ್ ಓದುತ್ತಾನೆಂದು ಕನ್ನಡದಲ್ಲಿ, ಅದೂ ಕೈಯಲ್ಲಿ ಬರೆದು ಕಳಿಸಿದ್ದೀಯೆ. ಭಾನುವಾರದ ಕನ್ನಡ ಕ್ಲಾಸಿಗೆ ಅತ್ತುಕೊಂಡು ಹೋಗುತ್ತಿದ್ದವಳು ನೀನೇ ತಾನೆ! ಒತ್ತಕ್ಷರಗಳೆಲ್ಲ ತಪ್ಪು, ಆದರೂ ಎಲ್ಲ ಅರ್ಥವಾಯಿತು. ನಾನೂ ಕೈಯಲ್ಲೇ ಬರೆದು ಫೋಟೋ ಕಳಿಸುತ್ತಿದ್ದೇನೆ. ನನ್ನದು ಡಾಕ್ಟರ ಅಕ್ಷರ, ಹಡಗಿನವರ ಯಾವ ಅನುವಾದದ ಯಂತ್ರವೂ ಓದಲಾರದು.

ಮೀನು ಮುಟ್ಟದ ಮನೆಯ ಹುಡುಗಿ ಸರ್ಕಾರದ ಪರವಾಗಿ ಮೀನಿನ ಲೆಕ್ಕ ಬರೆಯಲು ಅಟ್ಲಾಂಟಿಕ್‌ಗೆ ಹೋಗುತ್ತೇನೆಂದಾಗ ನಾನು ನಕ್ಕಿದ್ದೆ. ಈಗ ನಗು ಬರುತ್ತಿಲ್ಲ. ಬಲೆಯಲ್ಲಿ ಸತ್ತ, ಮಾರಲಾಗದೆ ಸಮುದ್ರಕ್ಕೇ ಎಸೆಯುವ ಮೀನನ್ನು ಅರ್ಧ ಮಾತ್ರ ಬರೆ ಎಂದು ಕ್ಯಾಪ್ಟನ್ ಒತ್ತಾಯಿಸುತ್ತಿದ್ದಾನೆ, ಒಪ್ಪದ್ದಕ್ಕೆ ನಿನ್ನ ಕೋಣೆಯ ಚಿಲಕ ಕಿತ್ತುಹಾಕಿದ್ದಾರೆ ಎಂದು ಬರೆದಿದ್ದೀಯೆ. ಆ ಚಿಲಕದ ಸಾಲು ಓದಿದಾಗಿನಿಂದ ನನಗೆ ಅನ್ನ ಸೇರುತ್ತಿಲ್ಲ.

ನಿಮ್ಮಪ್ಪನಿಗೆ ಓದಿ ಹೇಳಿದೆ. ಅವರು ಕಾರಿನ ಕಂಪನಿಯಲ್ಲಿ ಅಳತೆ ನೋಡಿ ನೋಡಿಯೇ ತಲೆ ನರೆತವರು. “ಅರ್ಧ ಬರೆದ್ರೆ, ಸತ್ತಿದ್ದೇ ಕಮ್ಮಿ ಅಂದ್ಕೊಂಡು ಮುಂದಿನ ವರ್ಷ ಇನ್ನೂ ಜಾಸ್ತಿ ಹಿಡಿಯೋಕೆ ಪರ್ಮಿಷನ್ ಕೊಡ್ತಾರೆ ಕಣೇ. ಅವಳು ಕರೆಕ್ಟಾಗೇ ಮಾಡ್ತಿದಾಳೆ,” ಎಂದರು. ಆಮೇಲೆ ಗ್ಯಾರೇಜಿಗೆ ಹೋಗಿ, ಸ್ಟಾರ್ಟ್ ಮಾಡದೆ ಕಾರಿನಲ್ಲಿ ಸುಮ್ಮನೆ ಕೂತರು.

ನನಗೆ ಅಷ್ಟು ದೊಡ್ಡ ಮನಸ್ಸಿಲ್ಲ, ಮಗಳೇ. ಕ್ಯಾಪ್ಟನ್ ಹೇಳಿದಷ್ಟೇ ಬರೆದು ಜೀವ ಉಳಿಸಿಕೊಂಡು ಬಾ ಎಂದೇ ನನ್ನ ಆಸೆ. ಸಮುದ್ರದ ಮೀನೆಲ್ಲ ಸೇರಿದರೂ ನನಗೆ ನಿನ್ನಷ್ಟಾಗದು. ಆದರೆ ನೀನು ಹಾಗೆ ಬರೆಯುವವಳಲ್ಲ. ನನ್ನ ಭಯವೂ ಅದೇ.

ಅರ್ಧದಲ್ಲಿ ಹಿಂದಿರುಗಿದರೆ ಮುಂದೆ ಯಾವ ಹಡಗಿಗೂ ಕಳಿಸುವುದಿಲ್ಲ, ನಿನ್ನನ್ನು ಹಡಗಿಗೆ ಕಳಿಸಿದ ಆಫೀಸಿಗೆ ಹೇಳಲೇಬೇಡ ಎಂದು ಆಣೆ ಹಾಕಿದ್ದೀಯೆ. ಹೇಳಿಲ್ಲ. ಮಲಗುವಾಗ ಬಾಗಿಲಿಗೆ ನಿನ್ನ ಪೆಟ್ಟಿಗೆ ಅಡ್ಡ ಇಟ್ಟುಕೋ.

ನಿನ್ನನ್ನೇ ನೆನೆಯುತ್ತಾ,
ನಿನ್ನ ಅಮ್ಮ
ನೀಲಾಂಬಿಕಾ

ತಾ.ಕ.: ಪೆಟ್ಟಿಗೆ ಅಡ್ಡ ಇಟ್ಟುಕೋ ಎಂದು ಬರೆದ ಮೇಲೆ, ಮಗಳಿಗೆ ತಾಯಿ ಹೇಳುವ ಮಾತಾ ಇದು ಎಂದು ನನ್ನ ಮೇಲೇ ಸಿಟ್ಟು ಬಂತು. ಆಫೀಸಿಗೆ ಫೋನ್ ಮಾಡಿ ಎಲ್ಲ ಹೇಳಿಬಿಟ್ಟೆ. ಹಡಗನ್ನು ಈಗಲೇ ಹಿಂದಕ್ಕೆ ಕರೆಸುತ್ತಾರಂತೆ. ಎಣಿಸಿದ್ದನ್ನು ಎಣಿಸಿದ ಹಾಗೇ ಬರೆದಿಡು, ಅರ್ಧ ಮಾಡಬೇಡ. ಅಪ್ಪ ಕಾರ್ ಸ್ಟಾರ್ಟ್ ಮಾಡಿದ್ದಾರೆ, ನಾವಿಬ್ಬರೂ ಬಂದರಿನಲ್ಲಿ ಇರುತ್ತೇವೆ. ನಿನ್ನ ಕೆಲಸ ಹೋದರೆ ಅದು ನನ್ನಿಂದಲೇ. ದಡಕ್ಕೆ ಬಂದು ಬೈಯಿ.