ಲಕ್ಕವ್ವನ ಹಸಿರು ಬಳೆ

ಜೈಲಿನಿಂದ,
೧೭ ಜನವರಿ ೧೯೭೫

ಮಹಿಳಾ ಸಮಾಜದ ಅಧ್ಯಕ್ಷೆಯೂ ನನ್ನ ಬೆನ್ನಿಗೆ ಬಿದ್ದ ತಂಗಿಯೂ ಆದ ಇಂದ್ರಾಬಾಯಿಗೆ, ಅಕ್ಕನ ಆಶೀರ್ವಾದ.

ಕ್ಷೇಮವೇ ಎಂದು ಕೇಳುವುದಿಲ್ಲ. ಮೊನ್ನೆ ಸಂಕ್ರಾಂತಿಗೆ ಜರಿಸೀರೆ ಉಟ್ಟು ಜೀಪಿನಿಂದ ಇಳಿದಾಗಲೇ ಕಣ್ಣಾರೆ ಕಂಡೆ. ಇದು ಹೆಂಗಸರ ವರ್ಷವಂತೆ, ಅದಕ್ಕೆ ಜೈಲಿನ ಹೆಂಗಸರಿಗೂ ಉಡಿ ತುಂಬುವುದಂತೆ. ಮೂಗಿಗೆ ಸೆರಗು ಹಿಡಿದು ಉಡಿ ತುಂಬುವುದನ್ನು ನಾನು ನೋಡಿದ್ದು ಇದೇ ಮೊದಲು. ನಮ್ಮ ಮೂಲೆಯ ಪಾಯಖಾನೆಗೆ ಬಾಗಿಲಿಲ್ಲ, ನೀರಿಲ್ಲ. ಆ ವಾಸನೆ ಅದರದು, ನಮ್ಮದಲ್ಲ.

ನನ್ನ ಉಡಿಗೆ ಅಕ್ಕಿ, ಕೊಬ್ಬರಿ ಹಾಕಿ "ಯಾವೂರವ್ವಾ ನಿಂದು?" ಎಂದು ಕೇಳಿದೆಯಲ್ಲ, ನಗು ತಡೆಯಲಾಗಲಿಲ್ಲ. "ತಾಂಬಾ ರೀ" ಅಂದೆ. ಇಬ್ಬರೂ ಒಂದೇ ತಾಟಿನಲ್ಲಿ ಉಂಡ ತವರೂರು ತಾಂಬಾ ನಿನಗೆ ನೆನಪಾಗಲಿಲ್ಲ. ಕುಡಿದು ಬಡಿಯುವ ಗಂಡನ ತಲೆಗೆ ಒನಕೆ ಬೀಸಿದ ಅಕ್ಕ ಜನರೆದುರು ಬೇಡವಾಗಿರಬೇಕು. ಅವನಿನ್ನೂ ಬದುಕಿದ್ದಾನೆ, ನನಗೆ ಉಡಿ ತುಂಬಿದ್ದಕ್ಕೆ ಮೈಲಿಗೆಯೇನೂ ಆಗಿಲ್ಲ ಬಿಡು.

ಬರೆಯುತ್ತಿರುವುದು ಲಕ್ಕವ್ವನ ಸಲುವಾಗಿ. ದಿನ ತುಂಬಿದ ಬಸುರಿಯೆಂದು ಅವಳ ಊದಿದ ಕೈಗೆ ಹಸಿರು ಗಾಜಿನ ಬಳೆ ಬಿಗಿಯಾಗಿ ಇಡಿಸಿ ಫೋಟೋ ತೆಗೆಸಿಕೊಂಡೆ. ಜೈಲಿನೊಳಗೆ ಗಾಜು ಬಿಡುತ್ತಾರೋ ಇಲ್ಲವೋ ಎಂದು ಕೇಳುವ ವ್ಯವಧಾನ ನಿನಗೆಲ್ಲಿ? ನಿಮ್ಮ ಜೀಪು ಹೋದದ್ದೇ ತಡ, ಜಮಾದಾರ ಅವಳ ಕೈಯನ್ನು ಕಲ್ಲಿನ ಮೇಲಿಟ್ಟು ಬಳೆ ಒಡೆದ. ಗಂಡನಿದ್ದವಳ ಬಳೆ, ಅದೂ ಬಸುರಿಯ ಬಳೆ! "ನನ್ನ ಗಂಡ ಸತ್ತಾನೇನ್ರೀ, ಯಾಕ ಒಡೀತೀರಿ?" ಎಂದು ಅವಳು ಅತ್ತದ್ದು ಇನ್ನೂ ಕಿವಿಯಲ್ಲಿದೆ. "ಕಾಯ್ದೆ ಐತಿ" ಅಂದ. ಅವಳ ಗಾಯಕ್ಕೆ ನೀನು ಕೊಟ್ಟ ಕುಬಸದ ಖಣವನ್ನೇ ಹರಿದು ಕಟ್ಟಿದೆ. ನಿನ್ನ ಹಬ್ಬದಿಂದ ನಮಗಾದ ಉಪಯೋಗ ಅಷ್ಟೇ.

ಈಗ ಕೇಳು. ಹೆರಿಗೆಗೆ ಆಸ್ಪತ್ರೆಗೆ ಒಯ್ದರೂ ಕಾಲಿಗೆ ಬೇಡಿ ಹಾಕಿ ಮಂಚಕ್ಕೆ ಬಿಗಿಯುತ್ತಾರೆ. ಹೆಣ್ಣು ಪೊಲೀಸರಿಲ್ಲವೆಂದು ಗಂಡಸೇ ಕೋಣೆಯಲ್ಲಿ ಕಾವಲು ನಿಲ್ಲುತ್ತಾನೆ. ಹೋದ ವರ್ಷ ನಮ್ಮ ಜೊತೆಗಿದ್ದ ಚಂದವ್ವ ಹಾಗೆಯೇ ಹೆತ್ತಳು. ಬೇನೆ ತಿನ್ನುವವಳು ಎದ್ದು ಓಡುತ್ತಾಳಂತೆ, ಇವರ ಬುದ್ಧಿಗಿಷ್ಟು! ನಾನು ಬಿಡದೆ ಜಗಳ ತೆಗೆದ ಮೇಲೆ ಜೈಲರು, "ಹೊರಗಿನ ಮರ್ಯಾದಸ್ಥ ಹೆಣ್ಮಗಳು ಯಾರರೆ ಜೋಡಿ ಕುಂದ್ರತಾರಂದ್ರ ಬೇಡಿ ಬಿಚ್ಚಸ್ತೇನಿ" ಎಂದರು. ಒಳಗಿರುವ ನಮಗೆ ಮರ್ಯಾದೆಯಿಲ್ಲ ನೋಡು. ನಿನಗೆ ಕುರ್ಚಿ ಒರೆಸಿ ಕೊಟ್ಟವರು ಅವರೇ, ನಿನ್ನ ಮಾತು ನಡೆಯುತ್ತದೆ. ಬಂದು ಅವಳ ಮಗ್ಗುಲಲ್ಲಿ ಕುಳಿತುಕೋ. ಉಡಿ ತರಬೇಡ, ಫೋಟೋದವನನ್ನೂ ತರಬೇಡ.

ಇವತ್ತು ಬಿಡುಗಡೆಯಾಗುವ ಅಬಿದಾಳ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ನೀನು ಹೊರಡುವವರೆಗೆ ಅವಳು ನಿಮ್ಮ ಮನೆಯ ಕಟ್ಟೆ ಬಿಟ್ಟು ಏಳುವವಳಲ್ಲ. ಓಣಿಯ ಜನ ನೋಡಲಿ.

ನಿನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ
ಕಾಶಿಬಾಯಿ

ತಾ.ಕ.: ಬರುವಾಗ ಕನ್ನಡಕ ಹಾಕಿಕೊಂಡು ಬಾ, ನಿನ್ನ ಗಂಡನದಾದರೂ ಸರಿ. ಸಂಕ್ರಾಂತಿಗೆ ನೀನು ಬರುವ ಸುದ್ದಿ ತಿಳಿದಾಗ, ನೀನು ನನ್ನ ತಂಗಿಯೆಂದು ಎಲ್ಲರೆದುರು ಕೊಚ್ಚಿಕೊಂಡಿದ್ದೆ. ನೀನೇಕೆ ಗುರುತು ಹಿಡಿಯಲಿಲ್ಲವೆಂದು ಲಕ್ಕವ್ವ ಕೇಳಿದಳು. "ಆಕೀಗಿ ಹತ್ತರದ್ದು ಕಾಣಸಂಗಿಲ್ಲವ್ವಾ" ಎಂದು ಹೇಳಿಬಿಟ್ಟಿದ್ದೇನೆ.